ಹಾಡುವ ಪೆಟ್ಟಿಗೆ

ಅಕ್ಕಂದಿರೇ, ಕುರುಕ್ಷೇತ್ರ ನಾಟಕ ನೋಡಿದ್ದೀರಾ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಅಂದರೆ ಹಬ್ಬ. ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಕೂರುತ್ತಾರೆ. ಅವರು ಶ್ರುತಿ ಕೊಟ್ಟ ಮೇಲೇನೇ ಭೀಮ ಹಾಡೋದು, ದ್ರೌಪದಿ ಹಾಡೋದು.

ಕೆಲವು ಮೇಷ್ಟ್ರ ಪೆಟ್ಟಿಗೆಗೆ ಮೇಜಿನ ಹಾಗೆ ಕಾಲುಗಳಿರುತ್ತವೆ. ಕೆಳಗೆ ತುಳಿಯುವ ಹಲಗೆ ಇರುತ್ತದೆ. ಇದು ಕಾಲು ಹಾರ್ಮೋನಿಯಂ. ಇದಕ್ಕೆ ಅಮೆರಿಕದಲ್ಲಿ ಒಂದು ನಂಟು ಇದೆ. ಅದರ ಹೆಸರು ರೀಡ್ ಆರ್ಗನ್.

ದನಿ ಹೇಗೆ ಬರುತ್ತೆ?

ಮಕ್ಕಳು ತೆಂಗಿನ ಗರಿಯಲ್ಲಿ ಪೀಪಿ ಮಾಡಿ ಊದುತ್ತಾರೆ. ಗಾಳಿಗೆ ಗರಿ ಅದುರುತ್ತದೆ, ದನಿ ಬರುತ್ತದೆ. ಈ ಪೆಟ್ಟಿಗೆಯೊಳಗೆ ಹಿತ್ತಾಳೆಯ ತೆಳು ನಾಲಿಗೆಗಳಿವೆ. ಅವೇ ರೀಡುಗಳು. ಉದ್ದ ನಾಲಿಗೆಗೆ ದಪ್ಪ ದನಿ. ಗಿಡ್ಡ ನಾಲಿಗೆಗೆ ಸಣ್ಣ ದನಿ.

ಗಾಳಿ ಎಲ್ಲಿಂದ? ಕುಲುಮೆಯಲ್ಲಿ ಇರುವ ಹಾಗೆ ಇಲ್ಲೂ ತಿದಿ ಇದೆ. ಹೊಲಿಗೆ ಯಂತ್ರ ತುಳಿದ ಹಾಗೆ ಕಾಲಿನಿಂದ ತುಳಿಯಬೇಕು. ಆಗ ಎರಡು ಕೈಯೂ ನುಡಿಸಲು ಬಿಡುವಾಗುತ್ತವೆ. ಹಾರ್ಮೋನಿಯಂ ಗಾಳಿಯನ್ನು ನಾಲಿಗೆಯ ಮೂಲಕ ಹೊರಕ್ಕೆ ನೂಕುತ್ತದೆ. ಅಮೆರಿಕದ ಆರ್ಗನ್ ಗಾಳಿಯನ್ನು ಒಳಕ್ಕೆ ಹೀರುತ್ತದೆ. ಅದಕ್ಕೇ ಅದರ ದನಿ ಮೆತ್ತಗೆ.

ಎಲ್ಲಿಂದ ಬಂತು?

1840ರಲ್ಲಿ ಪ್ಯಾರಿಸ್ ನಗರದ ದೆಬೇನ್ ಎಂಬುವರು ಹಾರ್ಮೋನಿಯಂ ಎಂಬ ಹೆಸರಿನ ಹಕ್ಕು ಪಡೆದರು. ಅಮೆರಿಕದಲ್ಲಿ ಎಸ್ಟಿ ಎಂಬ ಒಂದೇ ಕಂಪನಿ 5 ಲಕ್ಷಕ್ಕೂ ಹೆಚ್ಚು ಆರ್ಗನ್ ಮಾಡಿತು. ಅಲ್ಲಿನ ಚರ್ಚು, ಶಾಲೆ, ಮನೆಗಳಲ್ಲಿ ಅವು ಇದ್ದವು. ಮನೆಯ ಹೆಣ್ಣುಮಕ್ಕಳೂ ನುಡಿಸುತ್ತಿದ್ದರು. ನಮ್ಮ ದೇಶಕ್ಕೆ ಇಂಥ ಪೆಟ್ಟಿಗೆಗಳನ್ನು ಪಾದ್ರಿಗಳು ತಂದರು. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈಯಲ್ಲಿ ತಿದಿ ಒತ್ತುವ ಹಾರ್ಮೋನಿಯಂ ಮಾಡಿದರು. ನೆಲದ ಮೇಲೆ ಕೂತು ಹಾಡುವವರಿಗೆ ಅದು ಹಿಡಿಸಿತು. ನಾಟಕ ಕಂಪನಿಗಳಿಗೆ ಕಾಲು ಹಾರ್ಮೋನಿಯಂ ಹಿಡಿಸಿತು.

ನಾಟಕದಲ್ಲಿ ಬಹಳ ಕಾಲ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಕಾಲ ಬದಲಾಯಿತು. ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲರೂ ಹೆಂಗಸರೇ. ನಾಗರತ್ನಮ್ಮನವರು ಕಂಸನಾದರು, ಭೀಮನಾದರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ಅಟ್ಟದ ಮೇಲಿನ ಪೆಟ್ಟಿಗೆ

ಮೈಸೂರಿನ ಜಗನ್ಮೋಹನ ಅರಮನೆಯನ್ನು 1861ರಲ್ಲಿ ಕಟ್ಟಿದರು. 1915ರಲ್ಲಿ ಅದು ಚಿತ್ರಶಾಲೆಯಾಯಿತು. ಅಲ್ಲಿ ಹಳೆಯ ವಾದ್ಯಗಳ ಸಂಗ್ರಹವೂ ಇದೆ. ರಾಜರ ಮನೆಯ ವಾದ್ಯ ಹೀಗೆ ಉಳಿಯಿತು. ಹಳ್ಳಿಯ ಮೇಷ್ಟ್ರ ಪೆಟ್ಟಿಗೆಯ ಗತಿ ಏನು? ಮೇಷ್ಟ್ರು ಹೋದ ಮೇಲೆ ಅದು ಅಟ್ಟ ಸೇರುತ್ತದೆ. ತಿದಿಯನ್ನು ಇಲಿ ಕಡಿಯುತ್ತದೆ. ಒಂದು ದಿನ ಗುಜರಿಯವನು ಬರುತ್ತಾನೆ. ಪೆಟ್ಟಿಗೆ ಸೌದೆಯಾಗುತ್ತದೆ, ಹಿತ್ತಾಳೆ ತೂಕಕ್ಕೆ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಅಂಥ ಪೆಟ್ಟಿಗೆ ಇದ್ದರೆ ಹೀಗೆ ಮಾಡಿ:

1. ತೇವ ಇಲ್ಲದ ಕಡೆ ಇಡಿ. ಬಟ್ಟೆ ಹೊದಿಸಿ.
2. ನೀವೇ ಬಿಚ್ಚಬೇಡಿ. ಬಲ್ಲವರಿಗೆ ತೋರಿಸಿ. ಹರಿದ ತಿದಿಯನ್ನು ಹೊಸದಾಗಿ ಹಾಕಿಸಬಹುದು.
3. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರು ಇದೆಯಾ ನೋಡಿ. ಇಂಗ್ಲಿಷ್ ಅಕ್ಷರವಾದರೆ ಮಕ್ಕಳಿಂದ ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ.
4. ಯಾರು ತಂದರು, ಯಾರು ನುಡಿಸಿದರು, ಯಾವ ನಾಟಕಕ್ಕೆ ನುಡಿಸಿದರು? ಮನೆಯ ಹಿರಿಯರನ್ನು ಕೇಳಿ ಬರೆದಿಡಿ.

ಹಿರಿಯರ ಬಾಯಲ್ಲಿ ಇರುವುದು ಅವರ ಜೊತೆಗೇ ಹೋಗುತ್ತೆ. ಬರೆದಿಟ್ಟದ್ದು ಉಳಿಯುತ್ತೆ. ಈಗ ನಿಮಗೆ ಬರೆಯೋಕೆ ಬರುತ್ತಲ್ಲ!

ಓದಿ, ಬರೆಯಿರಿ: ತಿದಿ, ಶ್ರುತಿ, ಹಿತ್ತಾಳೆ, ಹಾರ್ಮೋನಿಯಂ, ಸಂಗ್ರಹ.

ಉತ್ತರ ಹೇಳಿ:
1. ಗಿಡ್ಡ ನಾಲಿಗೆಯಿಂದ ಎಂಥ ದನಿ ಬರುತ್ತದೆ?
2. ಸ್ತ್ರೀ ನಾಟಕ ಮಂಡಳಿ ಕಟ್ಟಿದವರು ಯಾರು?
3. ನಿಮ್ಮೂರಿನ ನಾಟಕಕ್ಕೆ ಹಾರ್ಮೋನಿಯಂ ನುಡಿಸಿದವರು ಯಾರು? ಅವರ ಬಗ್ಗೆ ನಾಲ್ಕು ಸಾಲು ಬರೆಯಿರಿ.