ಸಲಿಂಗಪ್ರೇಮ ಮತ್ತು ಸಮಾಜದ ಆತ್ಮಚಿತ್ರ

— ಅಂತಿಮ ಬಿ.ಎ. ವಿದ್ಯಾರ್ಥಿ

ಪ್ರತಿಯೊಂದು ಸಮಾಜಕ್ಕೂ ತಾನು ಎಂತಹುದೆಂದು ಹೇಳಿಕೊಳ್ಳುವ ಹಂಬಲವುಂಟು. ತನ್ನ ಗುಣವನ್ನು ನೇರವಾಗಿ ವರ್ಣಿಸುವುದು ಕಷ್ಟ. ‘ಇದು ನಮ್ಮದಲ್ಲ’ ಎಂದು ಒಂದು ವಸ್ತುವನ್ನು ಬೆರಳುಮಾಡಿ ತೋರಿಸುವುದು ಸುಲಭ. ಊಟ, ಉಡುಪು, ಮಡಿ, ಮದುವೆಗಳಲ್ಲಿ ಈ ಕ್ರಮವನ್ನು ನಾವು ದಿನವೂ ಕಾಣುತ್ತೇವೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಸಂಗತಿಯನ್ನೂ ನಾನಾ ದೇಶಗಳು ಹೀಗೆಯೇ ಬಳಸಿಕೊಂಡಿವೆ. ಸಂಕೋಚದ ವಿಷಯವೆಂದು ಇದನ್ನು ಬದಿಗಿಡುವುದು ವಾಡಿಕೆ. ಆದರೆ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡುವವರಿಗೆ ಆ ಸಂಕೋಚವೇ ವಿಚಾರಾರ್ಹವಾದ ವಿಷಯವಾಗಿದೆ.

ಮೊದಲು ಹೆಸರನ್ನು ನೋಡೋಣ. ‘ಹೋಮೋಸೆಕ್ಷುಯಲ್’ ಎಂಬ ಶಬ್ದವು ಮೊದಲು ಅಚ್ಚಾದದ್ದು 1869ರಲ್ಲಿ. ಕಾರ್ಲ್ ಮರಿಯ ಕೆರ್ಟ್‌ಬೆನಿ ಎಂಬ ಲೇಖಕನು ಪ್ರಷ್ಯ ದೇಶದ ದಂಡನೆಯ ಕಾನೂನನ್ನು ವಿರೋಧಿಸಿ ಬರೆದ ಕಿರುಹೊತ್ತಗೆಯಲ್ಲಿ ಅದನ್ನು ಬಳಸಿದನು. ಅದಕ್ಕೆ ಮೊದಲು ಕಾನೂನೂ ಧರ್ಮಪೀಠವೂ ಬಹುಮಟ್ಟಿಗೆ ಒಂದು ಕೃತ್ಯವನ್ನು ಕುರಿತು ಮಾತನಾಡುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ವೈದ್ಯರು ಒಂದು ಬಗೆಯ ಮನುಷ್ಯನನ್ನು ಕುರಿತು ಮಾತನಾಡತೊಡಗಿದರು. ಫ್ರೆಂಚ್ ಚಿಂತಕ ಮಿಶೆಲ್ ಫೂಕೊ 1976ರಲ್ಲಿ ಈ ಮಾರ್ಪಾಟನ್ನು ವಿಶದವಾಗಿ ವಿವೇಚಿಸಿದ್ದಾನೆ. ನಮ್ಮ ‘ಸಲಿಂಗಕಾಮ’ ಎಂಬ ಮಾತನ್ನೂ ಗಮನಿಸಬೇಕು. ಗಂಡುಹೆಣ್ಣಿನ ಸಂಬಂಧಕ್ಕೆ ಪ್ರೇಮ, ದಾಂಪತ್ಯ, ಸಂಸಾರವೆಂದು ಹಲವು ಹೆಸರುಗಳನ್ನಿಟ್ಟಿರುವ ನಾವು ಇಲ್ಲಿ ಕಾಮವೊಂದನ್ನೇ ಉಳಿಸಿದ್ದೇವೆ.

ಇದು ಪರಕೀಯರ ದೋಷವೆಂಬ ನಂಬಿಕೆ ಬಹಳ ಹಳೆಯದು. ಇಂಗ್ಲಿಷಿನ ‘ಬಗರ್’ ಎಂಬ ಬೈಗುಳವು ಬಲ್ಗೇರಿಯ ದೇಶದ ಹೆಸರಿನಿಂದ ಹುಟ್ಟಿದೆ. ಅಲ್ಲಿಯ ಧರ್ಮಭೇದಿಗಳ ಮೇಲಿನ ದ್ವೇಷವು ಕಾಲಕ್ರಮದಲ್ಲಿ ಈ ಅರ್ಥವನ್ನು ತಳೆಯಿತು. 1885ರಿಂದ ಅರೇಬಿಯನ್ ನೈಟ್ಸ್ ಕಥೆಗಳ ತನ್ನ ಅನುವಾದವನ್ನು ಪ್ರಕಟಿಸಿದ ರಿಚರ್ಡ್ ಬರ್ಟನ್ನನು ಅದರ ಕೊನೆಯ ಪ್ರಬಂಧದಲ್ಲಿ ಭೂಪಟದ ಮೇಲೆ ಒಂದು ವಲಯವನ್ನೇ ಕಲ್ಪಿಸಿದನು. ಮೆಡಿಟರೇನಿಯನ್ ತೀರದಿಂದ ಪಂಜಾಬ್, ಕಾಶ್ಮೀರ, ಚೀನಗಳವರೆಗೆ ಹಬ್ಬಿದ ಆ ವಲಯದ ಹವಾಗುಣವೇ ಇದಕ್ಕೆ ಕಾರಣವೆಂಬುದು ಅವನ ವಾದ. ಅವನ ಸ್ವದೇಶವಾದ ಇಂಗ್ಲೆಂಡು ಆ ವಲಯದಿಂದ ಹೊರಗುಳಿದಿತ್ತು!

ಇಪ್ಪತ್ತನೆಯ ಶತಮಾನದ ರಾಜಕೀಯದಲ್ಲಿ ಈ ವೈಚಿತ್ರ್ಯವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕ್ರಾಂತಿಯ ತರುವಾಯ ಹಳೆಯ ಕಾನೂನನ್ನು ಕೈಬಿಟ್ಟಿದ್ದ ಸೋವಿಯತ್ ರಷ್ಯವು 1934ರ ಹೊತ್ತಿಗೆ ಗಂಡಸರ ಸಲಿಂಗ ಸಂಬಂಧವನ್ನು ಮತ್ತೆ ಅಪರಾಧವನ್ನಾಗಿಸಿತು; ಅದೇ ವರ್ಷ ಮ್ಯಾಕ್ಸಿಂ ಗಾರ್ಕಿಯು ಇದನ್ನು ಫ್ಯಾಸಿಸಮ್ಮಿಗೆ ಗಂಟುಹಾಕಿ ಬರೆದನು. ಅತ್ತ ಫ್ಯಾಸಿಸ್ಟರ ಕೈಯಲ್ಲಿದ್ದ ಜರ್ಮನಿಯು ಇದು ಜನಾಂಗದ ಬಲವನ್ನು ಕುಂದಿಸುವ ರೋಗವೆಂದು 1935ರಲ್ಲಿ ತನ್ನ 175ನೆಯ ಕಲಮನ್ನು ಬಿಗಿಗೊಳಿಸಿತು. ನಾಜಿ ಆಳ್ವಿಕೆಯಲ್ಲಿ ಸುಮಾರು 50,000 ಮಂದಿ ಶಿಕ್ಷೆಗೊಳಗಾದರು. ಸಾವಿರಾರು ಜನರನ್ನು ಗುಲಾಬಿ ಬಣ್ಣದ ತ್ರಿಕೋನದ ಗುರುತು ತೊಡಿಸಿ ಯಾತನಾಶಿಬಿರಗಳಿಗೆ ಅಟ್ಟಲಾಯಿತು. ಯುದ್ಧಾನಂತರದ ಅಮೆರಿಕದಲ್ಲಿ ಕಮ್ಯೂನಿಸ್ಟರ ಭಯದೊಡನೆ ಇವರ ಭಯವೂ ಬೆರೆಯಿತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರನ ಆಜ್ಞೆಯ ಬಲದಿಂದ ಇಂಥವರನ್ನು ಸರ್ಕಾರಿ ಸೇವೆಯಿಂದ ತೆಗೆದುಹಾಕಲಾಯಿತು. ಒಂದೇ ಸ್ವಭಾವದ ಮನುಷ್ಯನು ಮಾಸ್ಕೋದಲ್ಲಿ ಫ್ಯಾಸಿಸ್ಟನಾಗಿಯೂ ಬರ್ಲಿನ್ನಿನಲ್ಲಿ ಜನಾಂಗದ್ರೋಹಿಯಾಗಿಯೂ ವಾಷಿಂಗ್ಟನ್ನಿನಲ್ಲಿ ಕಮ್ಯೂನಿಸ್ಟರ ಒಡನಾಡಿಯಾಗಿಯೂ ಕಂಡನು. ಈ ವಿವರಣೆಗಳಿಂದ ಆ ಮನುಷ್ಯನ ವಿಷಯ ನಮಗೆ ಏನೂ ತಿಳಿಯದು. ಆಯಾ ರಾಜ್ಯವು ಯಾರಿಗೆ ಹೆದರುತ್ತಿತ್ತು ಎಂಬುದು ಮಾತ್ರ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇದನ್ನು ಪಾಶ್ಚಾತ್ಯರಿಂದ ಬಂದ ಪಿಡುಗೆನ್ನುವವರು ಬಹುಮಂದಿ. ಆದರೆ ಇದನ್ನು ಜೀವಾವಧಿ ಶಿಕ್ಷೆಯವರೆಗೆ ದಂಡಿಸಬಹುದಾಗಿದ್ದ 377ನೆಯ ಕಲಮನ್ನು ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಸೇರಿಸಿದರು. ಅದಕ್ಕೆ ಬಹಳ ಹಿಂದೆಯೇ ವಾತ್ಸ್ಯಾಯನನ ಕಾಮಸೂತ್ರವು ‘ತೃತೀಯಾ ಪ್ರಕೃತಿ’ಯನ್ನು ಕುರಿತು ನಿಸ್ಸಂಕೋಚವಾಗಿ ಹೇಳಿತ್ತು. ಹಾಗೆಂದು ಪ್ರಾಚೀನ ಭಾರತವು ಸರ್ವಸಮ್ಮತಿಯ ಸುವರ್ಣಯುಗವಾಗಿತ್ತೆನ್ನುವುದೂ ಸರಿಯಲ್ಲ; ಮನುಸ್ಮೃತಿಯು ಇಂತಹ ಕೃತ್ಯಗಳಿಗೆ ಪ್ರಾಯಶ್ಚಿತ್ತವನ್ನೂ ದಂಡವನ್ನೂ ವಿಧಿಸಿದೆ. ನಮ್ಮ ಪೂರ್ವಿಕರಲ್ಲಿಯೂ ಭಿನ್ನಾಭಿಪ್ರಾಯವಿತ್ತು ಎನ್ನುವುದಷ್ಟೇ ನ್ಯಾಯವಾದ ಮಾತು.

ದೆಹಲಿಯ ಉಚ್ಚ ನ್ಯಾಯಾಲಯವು 2009ರಲ್ಲಿ ಈ ಕಲಮಿನ ಹಿಡಿತವನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥವರ ಸಂಖ್ಯೆ ಅತ್ಯಲ್ಪವೆಂಬ ಮಾತನ್ನೂ ಆಡಿ, ಅದನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪನ್ನು ತಳ್ಳಿಹಾಕಿ, ಪ್ರಾಯಕ್ಕೆ ಬಂದವರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಸಾರಿತು. 2023ರಲ್ಲಿ ವಿವಾಹದ ಹಕ್ಕು ಮಾತ್ರ ದೊರೆಯಲಿಲ್ಲ. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಪ್ರಕಟವಾದದ್ದು 2013ರಲ್ಲಿಯೇ ಎಂಬುದು ಸ್ಮರಣೀಯ. ನ್ಯಾಯಾಲಯವು ಅತ್ಯಲ್ಪವೆಂದು ಎಣಿಸಿದವರಲ್ಲೊಬ್ಬನಿಗೆ ಕನ್ನಡ ಸಾಹಿತ್ಯವು ಅದೇ ವರ್ಷ ಹೆಸರು, ಮನೆ, ನೋವುಗಳನ್ನು ಕೊಟ್ಟಿತು.

ಸ್ವೀಕಾರವೂ ಜಂಭದ ಸಾಧನವಾಗಬಹುದು. ಸಲಿಂಗವಿವಾಹಕ್ಕೆ 2001ರಲ್ಲಿ ಪ್ರಪಂಚದಲ್ಲೇ ಮೊದಲು ಮನ್ನಣೆ ಕೊಟ್ಟ ನೆದರ್ಲೆಂಡ್ಸ್ ದೇಶವು, 2006ರಲ್ಲಿ ವಲಸೆಗಾರರ ಪರೀಕ್ಷೆಗೆಂದು ಸಿದ್ಧಪಡಿಸಿದ ಚಲಚ್ಚಿತ್ರದಲ್ಲಿ ಇಬ್ಬರು ಗಂಡಸರು ಮುತ್ತಿಡುವ ದೃಶ್ಯವನ್ನು ಸೇರಿಸಿತ್ತು. ನಿನ್ನೆ ಅನ್ಯರ ಲಕ್ಷಣವಾಗಿದ್ದುದು ಇಂದು ‘ನಮ್ಮ’ ಲಕ್ಷಣವಾಗಿ, ಅನ್ಯರನ್ನು ಅಳೆಯುವ ಕೋಲಾಯಿತು.

ಇಷ್ಟನ್ನು ಪರಿಶೀಲಿಸಿದ ಮೇಲೆ ನಮ್ಮ ಕರ್ತವ್ಯವೇನು? 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೂ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದವು. ಆದರೂ ವಿದ್ಯಾರ್ಥಿನಿಲಯಗಳಲ್ಲಿ, ತರಗತಿಯ ಹಿಂದಿನ ಬೆಂಚುಗಳಲ್ಲಿ, ನಡಿಗೆ ಮೆದುವಾಗಿರುವ ಹುಡುಗನಿಗೆ ಬೀಳುವ ಅಡ್ಡಹೆಸರುಗಳು ನಿಂತಿಲ್ಲ. ಅಂತಹ ಹೆಸರು ಅಂಟಿದವನು ಕೆಲವೊಮ್ಮೆ ಓದನ್ನೇ ಬಿಟ್ಟು ಹೋಗುತ್ತಾನೆ. ಕಾನೂನು ಅಳಿಸಿದ ಕಳಂಕವನ್ನು ನಾವು ನಾಲಗೆಯಿಂದ ಮತ್ತೆ ಬರೆಯುವುದು ವಿದ್ಯಾವಂತರಿಗೆ ಒಪ್ಪುವ ಕೆಲಸವಲ್ಲ. ಪಕ್ಕದಲ್ಲಿ ಕುಳಿತಿರುವವನನ್ನು ನಮ್ಮ ಭಯಗಳ ಉದಾಹರಣೆಯನ್ನಾಗಿ ಕಾಣದೆ ಸಹಪಾಠಿಯೆಂದು ಕಾಣುವುದನ್ನು ಕಲಿತರೆ, ಕಾಲೇಜಿನ ಈ ಮೂರು ವರ್ಷಗಳು ಸಾರ್ಥಕವಾದಂತೆಯೇ ಸರಿ.