ಇಂದಿನ ಧಮ್ಮ ಚಿಂತನೆ: ಹೆದರಿದ ನಾಯಿಗೆ ಮೈತ್ರಿ ಎಂದರೇನು?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಉಪಾಸಕ ಉಪಾಸಿಕಾ ಬಂಧುಗಳೇ,

ಮೂರು ತಿಂಗಳ ಹಿಂದೆ ನಮ್ಮ ಬಳಗದಲ್ಲಿ ಎರಡು ಪ್ರಶ್ನೆಗಳು ಬಂದಿದ್ದವು. ಹೊಳೆನರಸೀಪುರದ ಕಡೆಯ ಒಂದು ಕುಟುಂಬ, ಮೊಲದ ಬೇಟೆಗೆಂದು ಸಾಕಿ ಆಮೇಲೆ ಯಾರೋ ಬಿಟ್ಟುಹೋದ ಮುಧೋಳ ಬೆರಕೆ ನಾಯಿಯೊಂದನ್ನು ಮನೆಗೆ ತಂದಿತ್ತು. ಮನೆಯೊಳಗೆ ಅದು ಮಂಚದಡಿಯಿಂದ ಈಚೆಗೆ ಬರುತ್ತಿರಲಿಲ್ಲ. ಹೊರಗೆ ಹೋದರೆ ಕೋಳಿ, ಬೆಕ್ಕು, ಬೈಕು ಕಂಡತ್ತ ಹಗ್ಗ ಕಿತ್ತುಕೊಂಡು ಹಾರುತ್ತಿತ್ತು. "ದಿನಾ ಮೈತ್ರಿ ಭಾವನೆ ಮಾಡುತ್ತೇವೆ, ನಾಯಿಗೆ ಭಯ ಹೋಗಲಿಲ್ಲವಲ್ಲ?" ಎಂದು ಅವರು ಕೇಳಿದರು. ಅಲ್ಲೇ ಕೂತಿದ್ದ ಹಿರಿಯರೊಬ್ಬರು, "ನಾಯಿಗಿಂತ ಕಡೆಯಾಗಿ ಬದುಕಿದ ಜನ ನಾವು. ನಮಗೆ ನಾಯಿಯ ಪಾಠ ಯಾಕಪ್ಪ?" ಎಂದರು.

ಎರಡೂ ನ್ಯಾಯವಾದ ಪ್ರಶ್ನೆಗಳು. ಹಿರಿಯರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ.

*ನಮಗೆ ನಾಯಿಯ ಪಾಠ ಯಾಕೆ?*

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಅದುವರೆಗೆ ಆ ಕೆರೆಯಲ್ಲಿ ದನ, ನಾಯಿ ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1931ರ ಆಗಸ್ಟ್‌ನಲ್ಲಿ ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿಯವರ ಎದುರು ಕೂತಾಗಲೂ ಬಾಬಾಸಾಹೇಬರು ಇದೇ ಮಾತನ್ನು ನೇರವಾಗಿ ಆಡಿದರು: ನಾಯಿ ಬೆಕ್ಕುಗಳಿಗಿಂತ ಕೀಳಾಗಿ ಕಾಣುವ ನೆಲವನ್ನು ತಾಯ್ನಾಡು ಎಂದು ಹೇಗೆ ಕರೆಯಲಿ ಎಂದು. ದೊಡ್ಡ ಮನೆಯ ಅಂಗಳಕ್ಕೆ ಕೂಲಿ ಕೇಳಲು ಹೋದಾಗ ನಾಯಿ ಛೂ ಬಿಟ್ಟ ನೆನಪು ನಮ್ಮ ಅನೇಕ ಮನೆಗಳ ಅಜ್ಜಂದಿರಿಗೆ ಇದೆ. ಹಾಗಾಗಿ ನಮ್ಮ ಕೇರಿಯಲ್ಲಿ ನಾಯಿ ಎಂಬ ಪದ ಬರೀ ಒಂದು ಪ್ರಾಣಿಯ ಹೆಸರಲ್ಲ. ಹಿರಿಯರ ಸಿಟ್ಟು ಎಲ್ಲಿಂದ ಬಂತು ಎಂದು ನಮಗೆ ಗೊತ್ತು.

ಆದರೆ ಬಾಬಾಸಾಹೇಬರ ಸಿಟ್ಟು ಯಾರ ಮೇಲಿತ್ತು ಎಂದು ನೋಡೋಣ. ನಾಯಿಗೆ ನೀರು ಸಿಕ್ಕಿದ್ದು ತಪ್ಪು ಎಂದು ಅವರು ಎಂದೂ ಹೇಳಲಿಲ್ಲ. ಮನುಷ್ಯನಿಗೆ ನೀರು ನಿರಾಕರಿಸಿದ್ದು ಅಪರಾಧ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ, ಎಲ್ಲ ಜೀವಿಗಳಿಗೂ ದಯೆ ತೋರಿ ಕಾಪಾಡುವ ಪ್ರತಿಜ್ಞೆಯನ್ನೂ ಸೇರಿಸಿದರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಕರುಣೆಗೂ ಮೈತ್ರಿಗೂ ಇರುವ ವ್ಯತ್ಯಾಸ ಬಿಡಿಸಿಟ್ಟರು. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದನ್ನೂ ದಾಟಿ ಎಲ್ಲ ಜೀವಿಗಳವರೆಗೆ ಹೋಗುವಂಥದ್ದು.

ಇಲ್ಲಿ ಎರಡು ಎಚ್ಚರ ಬೇಕು. ಪ್ರಾಣಿಯನ್ನು ಪೂಜಿಸಿ ಮನುಷ್ಯನನ್ನು ಹೊರಗಿಡುವ ನಡತೆಯನ್ನು ನಾವು ಬಲ್ಲೆವು, ಅದು ಮೈತ್ರಿಯಲ್ಲ. ಇನ್ನೊಂದು, ಹೆದರಿದ ನಾಯಿ ನಮಗೆ ಹೋಲಿಕೆಯಲ್ಲ. ನಮ್ಮ ಹಿರಿಯರು ಅನುಭವಿಸಿದ್ದು ಅನ್ಯಾಯ, ಅದಕ್ಕೆ ಉತ್ತರ ಹಕ್ಕು ಮತ್ತು ಸಂವಿಧಾನ. ನಾಯಿ ನಾಯಿಯೇ. ಅದರ ಕಷ್ಟವನ್ನು ಅದರದ್ದಾಗಿಯೇ ನೋಡೋಣ.

*ಭಯ ಹಟವಲ್ಲ*

ಆ ಕುಟುಂಬ ಮೊದಲು ಅರಿತದ್ದು ಇದನ್ನು. ಮುಧೋಳ ತಳಿ ನಮ್ಮ ಬಾಗಲಕೋಟೆ ಜಿಲ್ಲೆಯದು. ಮೂಗಿಗಿಂತ ಕಣ್ಣನ್ನು ನಂಬಿ ಬೆನ್ನಟ್ಟುವ ಬೇಟೆನಾಯಿ. 2005ರಲ್ಲಿ ಅಂಚೆಚೀಟಿಯಲ್ಲಿ ಬಂತು, ಮುಂದೆ ಭಾರತೀಯ ಸೇನೆಯೂ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಓಡುವ ವಸ್ತು ಕಂಡರೆ ಓಡು ಎಂಬುದು ಅದರ ರಕ್ತದಲ್ಲಿದೆ, ಅದನ್ನು ಸೊಕ್ಕು ಎನ್ನಲಾಗದು. ಅಪರಿಚಿತರು ಮೈಮುಟ್ಟಿದರೆ ಸಂಕೋಚಪಡುವ ಸ್ವಭಾವವೂ ಈ ತಳಿಗೆ ಇದೆ. ಜೊತೆಗೆ, ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗಿನ ಎಳೆ ವಯಸ್ಸಿನಲ್ಲಿ ಮರಿ ಏನನ್ನು ಕಂಡು ಒಗ್ಗುತ್ತದೋ ಅದೇ ಅದಕ್ಕೆ ಲೋಕ. ಆ ದಿನಗಳನ್ನು ಕತ್ತಲ ಕೊಟ್ಟಿಗೆಯಲ್ಲಿ ಸರಪಳಿಯ ತುದಿಗೆ ಕಳೆದ ನಾಯಿಗೆ ಡೈರಿಯ ಹಾಲಿನ ಕ್ಯಾನು ಸದ್ದಾದರೂ ಎದೆ ಒಡೆಯುತ್ತದೆ.

ರಷ್ಯಾದ ವಿಜ್ಞಾನಿ ಪಾವ್ಲೋವ್ ಹೆಸರು ನಮ್ಮಲ್ಲಿ ಬಿ.ಎಡ್. ಓದಿದವರಿಗೆಲ್ಲ ಗೊತ್ತು. 1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ನೆವಾ ನದಿ ಉಕ್ಕಿ ಅವನ ಪ್ರಯೋಗಾಲಯದ ನಾಯಿಗೂಡುಗಳಿಗೆ ನೀರು ನುಗ್ಗಿತು. ನಾಯಿಗಳನ್ನು ಕಷ್ಟಪಟ್ಟು ಬದುಕಿಸಿದರು. ಆದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಂತೆ ಆದವು. ವಾರಗಳ ನಂತರ ಒಂದು ನಾಯಿ ಸುಧಾರಿಸಿದೆ ಎನ್ನುವಾಗ ಬಾಗಿಲ ಸಂದಿಯಿಂದ ಸ್ವಲ್ಪ ನೀರು ಹರಿಸಿ ನೋಡಿದರು, ಹಳೆಯ ಭಯ ಮರಳಿತು. ಪ್ರಾಣಿಗಳ ಮೇಲೆ ಅವನು ಮಾಡಿದ್ದನ್ನೆಲ್ಲ ನಾವು ಒಪ್ಪಬೇಕಿಲ್ಲ. ಆದರೆ ಅವನು ಕಂಡ ಇನ್ನೊಂದು ಸಂಗತಿ ನಮಗೆ ಮುಖ್ಯ. ಒಂಟಿಯಾಗಿದ್ದಾಗ ತತ್ತರಿಸುತ್ತಿದ್ದ ನಾಯಿ, ಪರಿಚಯದ ಮನುಷ್ಯ ಅದೇ ಕೋಣೆಯಲ್ಲಿ ಸುಮ್ಮನೆ ಕೂತಿದ್ದಾಗ ಕಲಿತದ್ದನ್ನು ಮತ್ತೆ ತೋರಿಸಿತು.

ಹೆದರಿದಾಗ ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಅದು ನಿಜವಲ್ಲ. ಭಯ ಬೇಕೆಂದು ಮಾಡುವ ಕೆಲಸವಲ್ಲ, ಹಾಗಾಗಿ ಅದನ್ನು ಬಹುಮಾನ ಕೊಟ್ಟು ಬೆಳೆಸಲಾಗದು. ಪೆಟ್ಟು ಕೊಟ್ಟು ಹೆಚ್ಚಿಸಬಹುದು, ಅಷ್ಟೇ.

*ಆನೆ ಪಳಗಿಸುವವನ ಕ್ರಮ*

ಮಜ್ಝಿಮ ನಿಕಾಯದ 125ನೆಯ ಸುತ್ತ ದಂತಭೂಮಿ ಸುತ್ತ. ಕಾಡಾನೆಯನ್ನು ಪಳಗಿಸುವವನ ಉದಾಹರಣೆ ಅಲ್ಲಿದೆ. ಆನೆಯನ್ನು ಕಂಬಕ್ಕೆ ಕಟ್ಟುತ್ತಾನೆ, ಅದನ್ನು ಸುತ್ತ ಮುಚ್ಚಿಡುವುದಿಲ್ಲ. ಮೊದಲು ಕಿವಿಗೆ ಹಿತವಾದ ಮಾತು. ಆನೆ ಕಿವಿಗೊಟ್ಟ ಮೇಲೆ ಹುಲ್ಲು, ನೀರು. ಅದು ಹುಲ್ಲು ತಿಂದು ನೀರು ಕುಡಿದಾಗ ಅವನಿಗೆ ತಿಳಿಯುತ್ತದೆ, ಇನ್ನು ಇದು ಬದುಕುತ್ತದೆ ಎಂದು. ಆಮೇಲೆ ಎತ್ತು, ಇಳಿಸು ಎಂಬ ಸಣ್ಣ ಆಜ್ಞೆಗಳು. ಆಯುಧ, ಭೇರಿಗಳ ಸದ್ದು ಕೊನೆಯ ಪಾಠ. ಭಗವಾನರು ಈ ಅನುಕ್ರಮವನ್ನೇ ಭಿಕ್ಖುವಿನ ಶಿಕ್ಷಣಕ್ಕೆ ಹೋಲಿಸಿದರು. ನಾವು ಬಹಳಷ್ಟು ಸಲ ಇದನ್ನು ತಲೆಕೆಳಗು ಮಾಡುತ್ತೇವೆ. ನಾಯಿ ತಂದ ಮರುದಿನವೇ ಸಂತೆ ಬೀದಿಗೆ ಎಳೆದೊಯ್ದು "ರೂಢಿಯಾಗಲಿ" ಎನ್ನುತ್ತೇವೆ.

ಭಯಭೇರವ ಸುತ್ತವನ್ನು ಓದಿದವರು ಕೇಳಬಹುದು: ಬೋಧಿಗೆ ಮೊದಲು ಸಿದ್ಧಾರ್ಥರು ಭಯ ಹುಟ್ಟಿಸುವ ತೋಪುಗಳಿಗೆ ರಾತ್ರಿ ಹೋಗಿ, ನವಿಲು ಕಡ್ಡಿ ಮುರಿದ ಸದ್ದಿಗೆ, ಗಾಳಿಗೆ ಎಲೆ ಅಲುಗಿದ್ದಕ್ಕೆ ಬಂದ ಭಯವನ್ನು ಇದ್ದ ಭಂಗಿಯಲ್ಲೇ ಎದುರಿಸಲಿಲ್ಲವೇ? ಹೌದು. ಆದರೆ ಅವರು ತಾವೇ ಆರಿಸಿಕೊಂಡು ಹೋದರು, ಬೇಕೆಂದಾಗ ಎದ್ದು ಬರಬಹುದಿತ್ತು. ಹಗ್ಗದ ತುದಿಯಲ್ಲಿರುವ ನಾಯಿಗೆ ಆ ಆಯ್ಕೆ ಇಲ್ಲ. ಆರಿಸಿಕೊಂಡು ಎದುರಿಸಿದರೆ ಧೈರ್ಯ ಬೆಳೆಯುತ್ತದೆ, ಬಲವಂತವಾಗಿ ನಿಲ್ಲಿಸಿದರೆ ಭಯ ಬೇರೂರುತ್ತದೆ.

*ಆ ಕುಟುಂಬ ಮಾಡಿದ್ದು*

1. ಮಂಚದಡಿಯನ್ನು ನಾಯಿಗೇ ಬಿಟ್ಟುಕೊಟ್ಟರು. ಅಲ್ಲಿಗೆ ಯಾರೂ ಕೈ ಹಾಕಬಾರದು, ಮಕ್ಕಳು ಬಗ್ಗಿ ನೋಡಬಾರದು. ಅಡಗಲು ಜಾಗ ಇದೆ ಎಂದು ಖಾತ್ರಿಯಾದ ಮೇಲೆಯೇ ಅದು ಈಚೆ ಬರಲು ಶುರುಮಾಡಿದ್ದು.

2. ಅದು ಮೊದಲು ಹತ್ತಿರ ಹೋದದ್ದು ಮನೆಯ ಅಜ್ಜಿಯ ಬಳಿಗೆ. ಅಜ್ಜಿ ಏನೂ ಮಾಡಲಿಲ್ಲ. ಪಕ್ಕಕ್ಕೆ ತಿರುಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ನಾಯಿಯ ಕಣ್ಣಲ್ಲಿ ಕಣ್ಣಿಡಲಿಲ್ಲ. ಈರುಳ್ಳಿ, ಮಸಾಲೆ ಹಾಕದೆ ಬೇಯಿಸಿದ ಕೋಳಿ ಚೂರನ್ನು ನಾಯಿಯ ಆಚೆಗೆ ಎಸೆಯುತ್ತಿದ್ದರು. ತಿನ್ನಲು ಅದು ದೂರ ಹೋಗಬೇಕು, ಬೇಕಿದ್ದರೆ ಮತ್ತೆ ಬರಬಹುದು. ಆಯ್ಕೆ ಅದರದ್ದು.

3. ಹೆದರಿಸುವ ಸದ್ದನ್ನು ಸಣ್ಣದಾಗಿ, ದೂರದಿಂದ ಆರಂಭಿಸಿದರು. ಪಕ್ಕದ ಕೋಣೆಯಲ್ಲಿ ತಟ್ಟೆ ಮೆಲ್ಲಗೆ ತಾಗಿಸುವುದು, ಕೂಡಲೇ ಕೋಳಿ ಚೂರು. ಮೊದಲು ಸದ್ದು, ಆಮೇಲೆ ತಿಂಡಿ. ಈ ಕ್ರಮ ಹಿಂದುಮುಂದಾದರೆ ತಿಂಡಿಯನ್ನು ಕಂಡೇ ನಾಯಿ ಹೆದರುತ್ತದೆ. ತಿಂಡಿ ಮುಟ್ಟದಿದ್ದರೆ ನಾವು ತೀರ ಹತ್ತಿರ ಹೋಗಿದ್ದೇವೆ ಎಂದರ್ಥ, ಹಿಂದೆ ಸರಿಯಬೇಕು.

4. ಅದರ ಭಾಷೆ ಕಲಿತರು. ನಿದ್ದೆ ಇಲ್ಲದೆ ಆಕಳಿಕೆ, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ಕಾಲಸಂದಿಗೆ ಬಾಲ, ಇವೆಲ್ಲ "ಸಾಕು" ಎಂಬ ಮಾತು. ಗುರ್ ಎಂದರೆ ಹೊಡೆಯಬಾರದು. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದೆ ಎಚ್ಚರಿಕೆ ಕೊಡದೇ ಕಚ್ಚುತ್ತದೆ.

5. ತಪ್ಪಿಸಿಕೊಳ್ಳದಂತೆ ಕೊರಳಿಗೆ ಒಂದು ಪಟ್ಟಿ, ಎದೆಗೆ ಒಂದು ಪಟ್ಟಿ, ಎರಡು ಹಗ್ಗ. ರಾತ್ರಿ ಮನೆಯೊಳಗೇ. ನಮ್ಮ ಜಿಲ್ಲೆಯಲ್ಲಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ತುತ್ತು. ಅರಕಲಗೂಡು, ಆಲೂರು ಕಡೆ ಆನೆ ಓಡಿಸಲು ಪಟಾಕಿ ಹೊಡೆಯುವ ರಾತ್ರಿಗಳಲ್ಲಂತೂ ಬಾಗಿಲು ಭದ್ರವಿರಲಿ.

6. ಒಂದು ದಿನ ತುಂಬಾ ಹೆದರಿದರೆ ಮುಂದಿನ ಎರಡು ಮೂರು ದಿನ ಹೊಸ ಪಾಠವಿಲ್ಲ. ಮೈಯಲ್ಲಿ ಎದ್ದ ಗಾಬರಿ ಇಳಿಯಲು ಸಮಯ ಬೇಕು.

*ಹುಮ್ಮಸ್ಸಿಗೆ ಕಂಬ ಬೇಕು*

ಭಯ ಸ್ವಲ್ಪ ಇಳಿದಂತೆ ಅದರ ಓಟದ ಹುಚ್ಚು ಹೆಚ್ಚಿತು. ಸಂಯುತ್ತ ನಿಕಾಯದಲ್ಲಿ ಆರು ಪ್ರಾಣಿಗಳ ಉಪಮೆ ಇದೆ. ಹಾವು, ಮೊಸಳೆ, ಹಕ್ಕಿ, ನಾಯಿ, ನರಿ, ಮಂಗ. ಆರನ್ನೂ ಒಂದಕ್ಕೊಂದು ಗಂಟು ಹಾಕಿದರೆ ಹಾವು ಹುತ್ತಕ್ಕೆ, ಹಕ್ಕಿ ಆಕಾಶಕ್ಕೆ, ನಾಯಿ ಊರಿಗೆ, ಹೀಗೆ ಪ್ರತಿಯೊಂದೂ ತನ್ನ ಕಡೆಗೆ ಎಳೆಯುತ್ತದೆ. ಗಟ್ಟಿ ಕಂಬಕ್ಕೆ ಕಟ್ಟಿದರೆ ಎಳೆದೆಳೆದು ದಣಿದು ಕಂಬದ ಬಳಿಯೇ ಮಲಗುತ್ತವೆ. ಇಂದ್ರಿಯಗಳಿಗೆ ಆ ಕಂಬ ಕಾಯಗತಾ ಸತಿ. ನಾಯಿಯ ಮಟ್ಟಿಗೆ ಆ ಕಂಬ ದಿನಚರಿ.

ಬೆಳಿಗ್ಗೆ ಅದೇ ಹೊತ್ತಿಗೆ, ಬೇಲಿ ಇರುವ ತೆಂಗಿನ ತೋಟದಲ್ಲಿ ಉದ್ದ ಹಗ್ಗದೊಡನೆ ಓಟ. ಓಟಕ್ಕೆ ಮೊದಲು ಒಂದು ಕ್ಷಣ ಸುಮ್ಮನೆ ಕೂರಬೇಕು. ಕೂತರೆ ಗೇಟು ತೆರೆಯುತ್ತದೆ, ಎಳೆದರೆ ಇಲ್ಲ. ಸಂಜೆ ಗೋಣಿಚೀಲದ ಮಡಿಕೆಗಳಲ್ಲಿ ರಾಗಿಮುದ್ದೆ, ಮೊಟ್ಟೆ ಚೂರು ಬಚ್ಚಿಟ್ಟು ಹುಡುಕಿಸುವುದು. ಹತ್ತು ನಿಮಿಷ ಮೂಸಿ ಹುಡುಕಿದ ನಾಯಿಯ ಮನಸ್ಸು ತಣಿಯುತ್ತದೆ, ಬರೀ ಓಟದಿಂದ ಅಷ್ಟು ತಣಿಯುವುದಿಲ್ಲ. ಹುಟ್ಟುಗುಣ ಅದುಮದೆ ಅದಕ್ಕೊಂದು ದಾರಿ ಕೊಟ್ಟರು. ಹಾಗೆಂದು ಮೊಲದ ಬೆನ್ನಿಗೆ ಬಿಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ನಮ್ಮ ಮೊದಲ ಶೀಲವೂ ಅದನ್ನೇ ಹೇಳುತ್ತದೆ.

*ಮೈತ್ರಿ ಕುರುಡಲ್ಲ*

ಅಹಿಂಸೆಯನ್ನು ಕುರುಡು ನಿಯಮವಾಗಿ ಹಿಡಿಯದೆ ವಿವೇಕದಿಂದ ಅನ್ವಯಿಸುವ ತತ್ವವಾಗಿ ತಿಳಿಯಿರಿ ಎಂದರು ಬಾಬಾಸಾಹೇಬರು. ಹಾಗಾಗಿ ಮನೆಯ ಮಕ್ಕಳ ರಕ್ಷಣೆ ಮೊದಲು. ಹೆದರಿದ ನಾಯಿಯ ಬಳಿ ಮಗುವನ್ನು ಒಂಟಿಯಾಗಿ ಬಿಡಬಾರದು. ಪ್ರತಿ ವರ್ಷ ರೇಬಿಸ್ ಲಸಿಕೆ ಹಾಕಿಸಬೇಕು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಹೇಳಿದ ಅಷ್ಟೂ ಚುಚ್ಚುಮದ್ದು ಮುಗಿಸಬೇಕು. ಅರಿಸಿನ, ಸುಣ್ಣ, ಮಂತ್ರ ಬೇಡ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯ. ನಾಯಿಯ ಭಯ ತೀರ ಹೆಚ್ಚಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ತೋರಿಸಬಹುದು. ಕೆಲವು ಸಲ ಒಳಗಿನ ನೋವೇ ಭಯವಾಗಿ ಕಾಣುತ್ತದೆ, ಕೆಲವಕ್ಕೆ ಔಷಧವೂ ಬೇಕಾಗುತ್ತದೆ.

ಮೂರು ತಿಂಗಳಾದರೂ ಆ ನಾಯಿ ಎಲ್ಲರ ನಾಯಿಯಂತೆ ಆಗಿಲ್ಲ. ಮನೆಮಂದಿಯ ಕೈಯಿಂದ ತಿನ್ನುತ್ತದೆ, ಜಗುಲಿಯಲ್ಲಿ ಮಲಗುತ್ತದೆ. ನೆಂಟರು ಬಂದರೆ ಮಂಚದಡಿಗೆ ಹೋಗುತ್ತದೆ. ಮುಂದೆಯೂ ಹೀಗೇ ಇರಬಹುದು. "ನಾನು ಇಷ್ಟು ಮಾಡಿದೆ, ನೀನು ಬದಲಾಗು" ಎಂಬುದು ವ್ಯಾಪಾರ. ಬದಲಾಗದಿದ್ದರೂ ಅನ್ನ, ಜಾಗ, ಘನತೆ ಕೊಡುವುದು ಮೈತ್ರಿ. ಮೊದಲ ಪ್ರಶ್ನೆಗೆ ಉತ್ತರವೂ ಇದೇ. ಕಣ್ಣು ಮುಚ್ಚಿ ಕೂತು ಮಾಡುವ ಮೈತ್ರಿ ಭಾವನೆ ನಮ್ಮ ಮನಸ್ಸನ್ನು ಹದಗೊಳಿಸುತ್ತದೆ. ನಾಯಿಗೆ ತಲುಪುವುದು ನಮ್ಮ ಕೈ, ದನಿ, ನಾವು ಬಿಟ್ಟುಕೊಟ್ಟ ದೂರ.

ಧಮ್ಮಪದದಲ್ಲಿ ದಂಡವಗ್ಗ ಎಂಬ ಅಧ್ಯಾಯವೇ ಇದೆ. ದಂಡಕ್ಕೆ ಹೆದರದ ಜೀವವಿಲ್ಲ, ತನ್ನಂತೆ ಪರರು ಎಂದು ತಿಳಿದವನು ದಂಡ ಎತ್ತುವುದಿಲ್ಲ ಎಂಬುದು ಅದರ ತಿರುಳು. ಮೇಷ್ಟರು ಕೈ ಎತ್ತಿದರೆ ಸಾಕು, ಹೊಡೆಯುತ್ತಾರೆಂದು ತಲೆ ತಗ್ಗಿಸುವ ಮಕ್ಕಳು ಇಂದಿಗೂ ತರಗತಿಗಳಲ್ಲಿ ಸಿಗುತ್ತಾರೆ. ಎಲ್ಲೋ ಬಿದ್ದ ಪೆಟ್ಟನ್ನು ಅವರು ಇಲ್ಲಿಗೆ ತಂದಿರುತ್ತಾರೆ. ಮನೆಯ ನಾಯಿಗೆ ಕೋಲು ಎತ್ತದ ಮನೆಯಲ್ಲಿ ಬೆಳೆದ ಮಗು, ಕೋಲಿಲ್ಲದೆಯೂ ಕಲಿಸಬಹುದು ಎಂಬುದನ್ನು ಕಣ್ಣಾರೆ ಕಂಡಿರುತ್ತದೆ.

*ಇಂದಿನ ಅಭ್ಯಾಸ*

ಸಂಜೆ ತ್ರಿಸರಣ ಪಂಚಶೀಲದ ನಂತರ ಐದು ನಿಮಿಷ ಯೋಚಿಸಿ: ನಮ್ಮ ಮನೆಯಲ್ಲಿ, ಬೀದಿಯಲ್ಲಿ ನಮ್ಮನ್ನು ಕಂಡು ಹಿಂದೆ ಸರಿಯುವ ಜೀವ ಯಾವುದು? ಅದಕ್ಕೆ ನಾಳೆ ಒಂದು ಹೆಜ್ಜೆ ದೂರ, ಒಂದು ಬೊಗಸೆ ನೀರು, ಒಂದಿಷ್ಟು ಸಮಯ ಕೊಡಲು ಸಾಧ್ಯವೇ? ಕೊಟ್ಟವರು ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳಿ. ಬೇರೆ ಬಳಗಗಳಿಗೂ ಕಳಿಸಿ.

ಸಾಧು, ಸಾಧು, ಸಾಧು. ಜೈ ಭೀಮ್.