ಸೇವಂತಿಗೆಗೆ ರಾತ್ರಿ ದೀಪ: ಯಾಕೆ, ಎಷ್ಟು, ಹೇಗೆ?

ನಮ್ಮ ಜಿಗಣಿ ಕಡೆ ರಾತ್ರಿ ಹೊತ್ತು ಬಂದ ನೆಂಟರು ಸೇವಂತಿಗೆ ಪಾತಿಯ ಮೇಲೆ ಸಾಲು ದೀಪ ಕಂಡು, 'ಏನ್ರೀ, ಜಾತ್ರೆನಾ?' ಅಂತ ಕೇಳೋದುಂಟು. ಜಾತ್ರೆಯಲ್ಲ, ಗಿಡ ಬೇಗ ಮೊಗ್ಗು ಬಿಡದ ಹಾಗೆ ತಡೆಯುವ ಉಪಾಯ. ನನ್ನ ಹತ್ತು ಗುಂಟೆ ಪಾಲಿಹೌಸಿನ ಲೆಕ್ಕವನ್ನೇ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಗಿಡ ಎಣಿಸುವುದು ರಾತ್ರಿಯನ್ನು

ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಹೊಗೆಸೊಪ್ಪು, ಸೋಯಾಬೀನ್ ಗಿಡಗಳನ್ನು. ಗಿಡ ನಿಜವಾಗಿ ಅಳೆಯುವುದು ಎಡೆಬಿಡದ ಕತ್ತಲೆಯನ್ನು ಎಂಬುದು ಆಮೇಲೆ ತಿಳಿಯಿತು.

ಸೇವಂತಿಗೆ ಉದ್ದ ರಾತ್ರಿಗೆ ಹೂ ಬಿಡುವ ಜಾತಿ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗಿಗೆ ತಿರುಗುತ್ತದೆ. ಬೆಂಗಳೂರಿನ ಹಗಲು ಜೂನ್ ತಿಂಗಳಲ್ಲೂ 13 ಗಂಟೆ ಮುಟ್ಟೋದಿಲ್ಲ, ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಯ ಆಸುಪಾಸು. ಅಂದರೆ ನಮ್ಮಲ್ಲಿ ವರ್ಷಪೂರ್ತಿ ಮೊಗ್ಗಿನ ಕಾಲವೇ. ನೆಟ್ಟ ಸಸಿ ಗೇಣುದ್ದ ಆಗುವ ಮೊದಲೇ ಮೊಗ್ಗು ಕಟ್ಟಿಬಿಟ್ಟರೆ ಕಾಂಡ ಗಿಡ್ಡ, ಕವಲು ಕಮ್ಮಿ. ಕಟ್ ಫ್ಲವರ್ ವ್ಯಾಪಾರಿ ಅದನ್ನು ಮುಟ್ಟೋದಿಲ್ಲ.

ಹಾಗಾಗಿ ರಾತ್ರಿಯ ನಡುವೆ ದೀಪ ಹಾಕಿ ಕತ್ತಲನ್ನು ಎರಡು ತುಂಡು ಮಾಡಬೇಕು. ರಾತ್ರಿ 10ರಿಂದ 2ರವರೆಗೆ 4 ಗಂಟೆ ಸಾಕು. ನೆಟ್ಟ ದಿನದಿಂದ ಸುಮಾರು 4 ವಾರ ಹೀಗೆ ಹಾಕಿ. ಕುಡಿ ತೆಗೆಯುವ ತಾಯಿ ಗಿಡಗಳಿಗೆ ಮಾತ್ರ ದೀಪ ಬಿಡುವಂತೆಯೇ ಇಲ್ಲ.

ಎಷ್ಟು ಬಲ್ಬು, ಎಷ್ಟು ಕರೆಂಟು?

ಗಿಡದ ನೆತ್ತಿಯ ಮೇಲೆ ಸುಮಾರು 100 ಲಕ್ಸ್ ಬೆಳಕು ಬಿದ್ದರೆ ಆಯ್ತು. 9 ವಾಟಿನ ಸಾಧಾರಣ ಎಲ್‌ಇಡಿ ಬಲ್ಬುಗಳನ್ನು 8 ಅಡಿಗೆ ಒಂದರಂತೆ, ಕುಡಿಯಿಂದ 4-5 ಅಡಿ ಮೇಲೆ ತೂಗುಹಾಕಿ. ಹತ್ತು ಗುಂಟೆಗೆ ಸುಮಾರು 170 ಬಲ್ಬು ಬೇಕು. ಒಂದು ರಾತ್ರಿಗೆ 6 ಯೂನಿಟ್ ಚಿಲ್ಲರೆ, 30 ರಾತ್ರಿಗೆ 184 ಯೂನಿಟ್. ಇಷ್ಟೇ ಸಂಖ್ಯೆಯ ಹಳೇ 60 ವಾಟಿನ ತಂತಿ ಬಲ್ಬಾದರೆ 1,224 ಯೂನಿಟ್! ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ, ಯಾವುದು ಲಾಭ ಅಂತ ನೀವೇ ಹೇಳ್ತೀರಿ.

ಮನೆಯೊಳಗೆ ಕುಂಡದ ಗಿಡಕ್ಕೂ ಇದೇ ಬಲ್ಬು ಸಾಕೇ ಎಂದು ಎಲೆಕ್ಟ್ರಾನಿಕ್ ಸಿಟಿಯ ಫ್ಲಾಟಿನವರು ಕೇಳುತ್ತಾರೆ. ಸಾಲದು. ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ದಾಟುತ್ತದೆ. ಬಿಸಿಲೇ ಕಾಣದ ತುಳಸಿಗೆ ದೀಪವೇ ಊಟ, ಅದಕ್ಕೆ ಸಾವಿರಗಟ್ಟಲೆ ಲಕ್ಸ್ ದಿನವಿಡೀ ಬೇಕು. ನಮ್ಮ ಸೇವಂತಿಗೆಗೆ ಊಟ ಹಗಲಿನಲ್ಲೇ ಆಗಿರುತ್ತದೆ, ರಾತ್ರಿ ದೀಪ ಬರೀ ಗಡಿಯಾರ.

ಜೋಪಾನ

ಪಾಲಿಹೌಸಿನಲ್ಲಿ ಸದಾ ತೇವ. ನೀರು ಹೋಗದ ಹೋಲ್ಡರ್, ಸರಿಯಾದ ಅರ್ಥಿಂಗ್, ಸೋರಿಕೆಗೆ ತಾನೇ ಬೀಳುವ ಸ್ವಿಚ್ಚು ಇವು ಮೂರೂ ಇರಲೇಬೇಕು. ವೈರಿಂಗನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಪಂಪಿನ ಲೈನಿನಿಂದ ಎಳೆಯಬೇಡಿ, ಬೇರೆ ಮೀಟರ್ ಹಾಕಿಸಿ. ಟೈಮರ್ ಇದ್ದರೆ ನಿದ್ದೆಗೆಡಬೇಕಿಲ್ಲ. ಆದರೂ ಕರೆಂಟು ಹೋಗಿಬಂದಾಗ ಟೈಮರಿನ ಗಂಟೆ ನೋಡಿ. ಒಂದು ರಾತ್ರಿ ದೀಪ ತಪ್ಪಿದರೆ ಗಾಬರಿ ಬೇಡ. ಸಾಲಾಗಿ ಹಲವು ರಾತ್ರಿ ತಪ್ಪಿದರೆ ಗಿಡ ಮೊಗ್ಗಿಗೆ ತಿರುಗೀತು.

ಬೇಡದ ಬೆಳಕು

ಕೈಗಾರಿಕಾ ಪ್ರದೇಶದ ಪಕ್ಕದ ರೈತರಿಗೆ ಇನ್ನೊಂದು ತಾಪತ್ರಯ. ನನ್ನ ಬೇಲಿಯಾಚೆ ಒಂದು ಕಾರ್ಖಾನೆ ಇದೆ. ಅದರ ಕಾಂಪೌಂಡಿನ ದೊಡ್ಡ ದೀಪ ಇಡೀ ರಾತ್ರಿ ಉರಿಯುತ್ತದೆ. ನಮ್ಮ ದೀಪ ಆರಿಸಿ ಮಿಕ್ಕ ಪಾತಿಗಳೆಲ್ಲ ಮೊಗ್ಗಾದರೂ ಆ ಅಂಚಿನ ಎರಡು ಪಾತಿ ಹಸಿರಾಗೇ ನಿಂತಿದ್ದವು. ಗೊಬ್ಬರ, ರೋಗ ಯಾವುದರ ದೋಷವೂ ಅಲ್ಲ, ಆ ಗಿಡಗಳಿಗೆ ರಾತ್ರಿಯೇ ಆಗಿರಲಿಲ್ಲ. ಈಗ ಆ ಬದಿಗೆ ಕಪ್ಪು ಪರದೆ ಕಟ್ಟಿದ್ದೇನೆ. ಪರದೆ ಆಗದಿದ್ದರೆ ಆ ಅಂಚಿಗೆ ಗುಲಾಬಿ ಹಾಕಿ. ಹೂ ಬಿಡಲು ಅದಕ್ಕೆ ರಾತ್ರಿ ಉದ್ದದ ಹಂಗಿಲ್ಲ. ಬೀದಿ ದೀಪ ಹೊಸದಾಗಿ ಬಂದ ಕಡೆಯೂ ಇದನ್ನು ನೆನಪಿಡಿ.

ಹಬ್ಬದಿಂದ ಹಿಂದಕ್ಕೆ ಎಣಿಸಿ

ದೀಪ ಆರಿಸಿದ ಮೇಲೆ ತಳಿಗೆ ತಕ್ಕಂತೆ 7ರಿಂದ 10 ವಾರಕ್ಕೆ ಹೂ. ಎಂಟು ವಾರದ ತಳಿಯಾದರೆ ಆಯುಧಪೂಜೆಗೆ ಎಂಟು ವಾರ ಮುಂಚೆ ದೀಪ ಆರಬೇಕು, ಹನ್ನೆರಡು ವಾರ ಮುಂಚೆ ಸಸಿ ನೆಲದಲ್ಲಿರಬೇಕು. ರಾತ್ರಿ ಸೆಕೆ ಹೆಚ್ಚಿದ್ದರೆ ಹೂ ತಡವಾಗುವುದರಿಂದ ಬೇಸಿಗೆಯಲ್ಲಿ ಕೆಲವು ದಿನ ಕೈಯಲ್ಲಿಟ್ಟುಕೊಳ್ಳಿ. ಹಬ್ಬ ಕಳೆದ ಮಾರನೇ ದಿನ ಕೆ.ಆರ್. ಮಾರುಕಟ್ಟೆಗೆ ಹೂ ಒಯ್ದವರಿಗೆ ಈ ಲೆಕ್ಕದ ಬೆಲೆ ಗೊತ್ತು.

ಮೊದಲ ಬೆಳೆಗೆ ಎರಡೇ ಪಾತಿಯಲ್ಲಿ ಮಾಡಿ ನೋಡಿ. ದೀಪ ಹಾಕಿದ ದಿನ, ಆರಿಸಿದ ದಿನ, ಮೊಗ್ಗು ಕಂಡ ದಿನ, ಕೊಯ್ದ ದಿನ, ಈ ನಾಲ್ಕನ್ನೂ ತಳಿಯ ಹೆಸರಿನೊಂದಿಗೆ ಬರೆದಿಡಿ. ಮುಂದಿನ ಹಬ್ಬಕ್ಕೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.